ದೀರ್ಘ ಉಸಿರಾಟದಿಂದ ಬಿಪಿ ಇಳಿಯುತ್ತಿದೆ, ಮಾತ್ರೆ ನಿಲ್ಲಿಸಬಹುದೇ?

ಪ್ರಶ್ನೆ: ನನಗೆ 52 ವರ್ಷ. ಕಳೆದ ವರ್ಷ ತಪಾಸಣೆಯಲ್ಲಿ ರಕ್ತದೊತ್ತಡ 156/96 ಇರುವುದು ತಿಳಿದು, ವೈದ್ಯರು ದಿನಕ್ಕೊಂದರಂತೆ ಆಮ್ಲೊಡಿಪಿನ್ 5 ಮಿಲಿಗ್ರಾಂ ಮಾತ್ರೆ ಬರೆದುಕೊಟ್ಟರು. ಕೆಲಸದ ಚಿಂತೆ ಹೆಚ್ಚು, ನಿದ್ದೆ ಕಡಿಮೆ. ಎರಡು ತಿಂಗಳಿಂದ ದೀರ್ಘ ಉಸಿರಾಟದ ಅಭ್ಯಾಸ ಮಾಡುತ್ತಿದ್ದೇನೆ. ಶುರುವಿನಲ್ಲಿ 146 ಇದ್ದ ಮೇಲಿನ ಅಂಕಿ ಹತ್ತು ನಿಮಿಷದ ಅಭ್ಯಾಸದ ನಂತರ 132ಕ್ಕೆ ಇಳಿದಿರುತ್ತದೆ. ಈಚೆಗೆ ಎರಡು ದಿನ ಮಾತ್ರೆ ತಪ್ಪಿದಾಗಲೂ ಬಿಪಿ ಏರಲಿಲ್ಲ. ಹಾಗಿದ್ದ ಮೇಲೆ ಮಾತ್ರೆ ನಿಲ್ಲಿಸಿ ಉಸಿರಾಟವನ್ನೇ ನೆಚ್ಚಿಕೊಳ್ಳಬಹುದೇ? ಕೆಲವೊಮ್ಮೆ ಅಭ್ಯಾಸದ ನಡುವೆ ತಲೆ ಹಗುರಾದಂತಾಗಿ ಬೆರಳ ತುದಿಗಳು ಜುಮುಗುಡುತ್ತವೆ. ಇದು ಒಳ್ಳೆಯ ಲಕ್ಷಣವೇ? ಉಸಿರು ಹಿಡಿದಿಡುವುದು, ಕಪಾಲಭಾತಿ ಇವುಗಳನ್ನೂ ಸೇರಿಸಿಕೊಳ್ಳಬಹುದೇ?

ಉತ್ತರ: ನಿಮ್ಮ ಮುಖ್ಯ ಪ್ರಶ್ನೆಗೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಉಸಿರಾಟದ ಅಭ್ಯಾಸವನ್ನೂ ಬಿಡಬೇಡಿ. ನಿಧಾನವಾದ ಉಸಿರಾಟಕ್ಕೆ ರಕ್ತದೊತ್ತಡವನ್ನು ಇಳಿಸುವ ಗುಣ ಇರುವುದು ನಿಜ. ಆದರೆ ಅದು ಎಷ್ಟು ಇಳಿಸುತ್ತದೆ, ಇಳಿದದ್ದು ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನು ನೀವು ಕೊಟ್ಟಿರುವ ಎರಡು ಸಾಕ್ಷ್ಯಗಳಿಂದ ತಿಳಿಯಲು ಸಾಧ್ಯವಿಲ್ಲ. ಮಾತ್ರೆ ತಪ್ಪಿದ ಎರಡು ದಿನ ಬಿಪಿ ಏರದಿದ್ದುದಕ್ಕೂ, ಹತ್ತು ನಿಮಿಷದಲ್ಲಿ 14 ಅಂಕ ಇಳಿದುದಕ್ಕೂ ಉಸಿರಾಟಕ್ಕಿಂತ ಸರಳವಾದ ಬೇರೆ ಕಾರಣಗಳಿವೆ.

ಮೊದಲು ಆ ಎರಡು ದಿನಗಳ ವಿಚಾರ. ಆಮ್ಲೊಡಿಪಿನ್ ದೇಹದಿಂದ ಬಹಳ ನಿಧಾನವಾಗಿ ಹೊರಹೋಗುವ ಔಷಧ. ರಕ್ತದಲ್ಲಿ ಅದರ ಪ್ರಮಾಣ ಅರ್ಧಕ್ಕೆ ಇಳಿಯಲು 30ರಿಂದ 50 ಗಂಟೆ ಬೇಕಾಗುತ್ತದೆ. ಅಂದರೆ ನೀವು ಮಾತ್ರೆ ನುಂಗಬೇಕಿದ್ದ ಹೊತ್ತು ಮೀರಿ 48 ಗಂಟೆ ಕಳೆದ ಮೇಲೂ ಮೂರನೇ ಒಂದು ಪಾಲಿನಿಂದ ಅರ್ಧದಷ್ಟು ಔಷಧ ರಕ್ತದಲ್ಲಿ ಉಳಿದಿರುತ್ತದೆ. ಆ ಎರಡು ದಿನ ನಿಮ್ಮ ಬಿಪಿಯನ್ನು ಹಿಡಿದಿಟ್ಟದ್ದರಲ್ಲಿ ಹಿಂದಿನ ವಾರದ ಮಾತ್ರೆಗಳ ಪಾಲು ದೊಡ್ಡದಿತ್ತು. ಮಾತ್ರೆ ಬಿಟ್ಟವರಲ್ಲಿ ಅನೇಕರು ಮೋಸಹೋಗುವುದು ಇಲ್ಲಿಯೇ: ಮೊದಲ ಕೆಲವು ದಿನ ಅಂಕಿ ಚೆನ್ನಾಗಿಯೇ ಇರುತ್ತದೆ, ಧೈರ್ಯ ಬರುತ್ತದೆ, ಅಳೆಯುವುದೂ ನಿಂತುಹೋಗುತ್ತದೆ, ಎರಡನೆಯ ವಾರದ ಹೊತ್ತಿಗೆ ಒತ್ತಡ ಹಳೆಯ ಮಟ್ಟಕ್ಕೆ ಮರಳಿರುತ್ತದೆ, ಯಾವ ಲಕ್ಷಣವೂ ಇಲ್ಲದ ಕಾರಣ ಅದು ಗಮನಕ್ಕೇ ಬರುವುದಿಲ್ಲ. ಮತ್ತೆ ಮಾತ್ರೆ ಶುರು ಮಾಡಿದರೂ ಔಷಧದ ಮಟ್ಟ ಮೊದಲಿನಂತಾಗಲು ಏಳೆಂಟು ದಿನ ಹಿಡಿಯುತ್ತದೆ. ನಿಮ್ಮ ಪ್ರಶ್ನೆಯನ್ನು ಓದುತ್ತಿರುವ ಬೇರೆಯವರಿಗೆ ಒಂದು ಮಾತನ್ನು ಇಲ್ಲಿಯೇ ಸೇರಿಸಬೇಕು. ಅಟೆನೊಲಾಲ್, ಮೆಟೊಪ್ರೊಲಾಲ್‌ನಂಥ ಬೀಟಾ ಬ್ಲಾಕರ್‌ಗಳನ್ನಾಗಲಿ, ಕ್ಲೋನಿಡಿನ್ ಅನ್ನಾಗಲಿ ತೆಗೆದುಕೊಳ್ಳುತ್ತಿರುವವರು ಅದನ್ನು ಒಮ್ಮೆಲೇ ನಿಲ್ಲಿಸಿದರೆ ನಿಧಾನವಾದ ಏರಿಕೆಯ ಬದಲು ಒಂದೆರಡು ದಿನಗಳಲ್ಲೇ ಹೃದಯದ ಬಡಿತವೂ ಒತ್ತಡವೂ ಅಪಾಯಕಾರಿಯಾಗಿ ಜಿಗಿಯಬಹುದು.

ಇನ್ನು 146ರಿಂದ 132ಕ್ಕೆ ಇಳಿದ ವಿಚಾರ. ಏನನ್ನೂ ಮಾಡದೆ ಸುಮ್ಮನೆ ಕುಳಿತರೂ ಮೊದಲ ಅಳತೆಗಿಂತ ನಂತರದ ಅಳತೆ ಸಾಮಾನ್ಯವಾಗಿ ಕಡಿಮೆಯೇ ಬರುತ್ತದೆ. ಓಡಾಡಿಕೊಂಡಿದ್ದವರು ಬಂದು ಕುಳಿತು, ತೋಳಿಗೆ ಪಟ್ಟಿ ಕಟ್ಟಿಕೊಂಡು ತಕ್ಷಣ ಗುಂಡಿ ಒತ್ತಿದಾಗ ಬರುವ ಅಂಕಿಯಲ್ಲಿ ನಡಿಗೆಯ, ಮಾತಿನ, ಅಳತೆಯ ಆತಂಕದ ಪಾಲೂ ಸೇರಿರುತ್ತದೆ. ಜಪಾನಿನಲ್ಲಿ 20,000ಕ್ಕೂ ಹೆಚ್ಚು ಜನರ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕೆಲವರಿಗೆ 30 ಸೆಕೆಂಡುಗಳಲ್ಲಿ ಆರು ದೀರ್ಘ ಉಸಿರು ತೆಗೆದುಕೊಳ್ಳಲು ಹೇಳಿದರು, ಉಳಿದವರಿಗೆ ಅಷ್ಟೇ ಹೊತ್ತು ಸುಮ್ಮನೆ ಕೂರಲು ಹೇಳಿದರು. ಒತ್ತಡ ಇಳಿದದ್ದು ಎರಡೂ ಗುಂಪಿನಲ್ಲಿ. ಉಸಿರಾಟದ ಗುಂಪಿನಲ್ಲಿ ಮೇಲಿನ ಅಂಕಿ ಹೆಚ್ಚು ಇಳಿಯಿತು. ಹೀಗಾಗಿ ನಿಮ್ಮ 14 ಅಂಕಗಳಲ್ಲಿ ಕುಳಿತು ವಿರಮಿಸಿದ್ದರ ಪಾಲೆಷ್ಟು, ಉಸಿರಿನ ಪಾಲೆಷ್ಟು ಎಂದು ಬಿಡಿಸಿ ನೋಡಬೇಕಾಗುತ್ತದೆ. ಇದರ ಜೊತೆಗೆ ತೋಳಿನ ಎತ್ತರವನ್ನೂ ಗಮನಿಸಿ. ಪಟ್ಟಿ ಕಟ್ಟಿದ ತೋಳು ಹೃದಯದ ಮಟ್ಟಕ್ಕಿಂತ 10 ಸೆಂಟಿಮೀಟರ್ ಕೆಳಗಿದ್ದರೆ, ರಕ್ತದ ಭಾರವೊಂದರಿಂದಲೇ ಅಂಕಿ ಏಳೆಂಟು ಹೆಚ್ಚಾಗಿ ತೋರುತ್ತದೆ. ಮೊದಲ ಸಲ ಕೈಯನ್ನು ತೊಡೆಯ ಮೇಲಿಟ್ಟು, ಎರಡನೆಯ ಸಲ ಮೇಜಿನ ಮೇಲಿಟ್ಟು ಅಳೆದಿದ್ದರೆ ನಿಮ್ಮ ಇಳಿಕೆಯಲ್ಲಿ ಅರ್ಧ ಪಾಲು ಮೇಜಿಗೇ ಸಲ್ಲಬೇಕು.

ಇಷ್ಟು ಹೇಳಿದ್ದು ನಿಮ್ಮ ಉತ್ಸಾಹವನ್ನು ತಗ್ಗಿಸಲು ಅಲ್ಲ. ಉಸಿರು ನಿಜವಾಗಿ ಏನು ಮಾಡುತ್ತದೆ ಎಂಬುದನ್ನು ನೋಡಿದರೆ ಅದಕ್ಕೆ ಎಲ್ಲಿ ಎಷ್ಟು ಬೆಲೆ ಕೊಡಬೇಕೆಂಬುದು ಸ್ಪಷ್ಟವಾಗುತ್ತದೆ.

ಕೊರಳಿನ ಎರಡೂ ಬದಿಯಲ್ಲಿ ಮೆದುಳಿಗೆ ರಕ್ತ ಒಯ್ಯುವ ಕೆರೋಟಿಡ್ ಅಪಧಮನಿಗಳು ಕವಲೊಡೆಯುವ ಜಾಗದಲ್ಲಿ, ಹಾಗೆಯೇ ಹೃದಯದಿಂದ ಹೊರಡುವ ಮಹಾಪಧಮನಿಯ ಬಾಗಿನಲ್ಲಿ, ಒತ್ತಡವನ್ನು ಗ್ರಹಿಸುವ ನರತುದಿಗಳಿವೆ. ಇವನ್ನು ಬ್ಯಾರೊರಿಸೆಪ್ಟರ್‌ಗಳು ಎನ್ನುತ್ತೇವೆ. ರಕ್ತದೊತ್ತಡ ಏರಿ ನಾಳದ ಗೋಡೆ ಹಿಗ್ಗಿದ ಕೂಡಲೇ ಇವು ಮೆದುಳಿನ ಬುಡದಲ್ಲಿರುವ ಕೇಂದ್ರಕ್ಕೆ ಸುದ್ದಿ ಮುಟ್ಟಿಸುತ್ತವೆ. ಅಲ್ಲಿಂದ ವೇಗಸ್ ನರದ ಮೂಲಕ ಹೃದಯದ ಬಡಿತವನ್ನು ತಗ್ಗಿಸುವ ಆಜ್ಞೆ ಹೊರಡುತ್ತದೆ, ಅದೇ ವೇಳೆ ರಕ್ತನಾಳಗಳನ್ನು ಬಿಗಿಹಿಡಿಯುವ ಸಿಂಪಥೆಟಿಕ್ ನರಗಳ ಚಟುವಟಿಕೆ ಕುಗ್ಗುತ್ತದೆ. ಅಧಿಕ ರಕ್ತದೊತ್ತಡ ಇರುವವರಲ್ಲಿ ಈ ಏರ್ಪಾಡು ಮಂದವಾಗಿರುತ್ತದೆ. ಒತ್ತಡ ಏರಿದರೂ ಅದಕ್ಕೆ ತಕ್ಕಷ್ಟು ಪ್ರತಿಕ್ರಿಯೆ ಬರುವುದಿಲ್ಲ.

ಉಸಿರು ಈ ಏರ್ಪಾಡಿನೊಳಗೆ ಹೇಗೆ ಪ್ರವೇಶಿಸುತ್ತದೆ ಎಂಬುದನ್ನು ನಿಮ್ಮ ನಾಡಿಯಲ್ಲೇ ನೋಡಬಹುದು. ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ನಿಧಾನವಾಗಿ ಉಸಿರು ಒಳಗೆಳೆದುಕೊಳ್ಳಿ. ಬಡಿತಗಳು ಸ್ವಲ್ಪ ಹತ್ತಿರ ಹತ್ತಿರ ಬರುತ್ತವೆ. ನಿಧಾನವಾಗಿ ಹೊರಬಿಡಿ, ಬಡಿತಗಳ ನಡುವಿನ ಬಿಡುವು ಹಿಗ್ಗುತ್ತದೆ. ವಯಸ್ಸಾದಂತೆ ಈ ವ್ಯತ್ಯಾಸ ಕಡಿಮೆಯಾಗುವುದರಿಂದ ಬೆರಳಿಗೆ ಗೊತ್ತಾಗದೆಯೂ ಹೋಗಬಹುದು. ಹೊರಬಿಡುವಾಗ ವೇಗಸ್ ನರದ ಹಿಡಿತ ಹೆಚ್ಚಾಗುವುದೇ ಇದಕ್ಕೆ ಕಾರಣ, ಮತ್ತು ಉಸಿರನ್ನು ಹೊರಬಿಡುವ ಅವಧಿ ಉದ್ದವಾಗಿರಲಿ ಎಂದು ನಾವು ಹೇಳುವುದಕ್ಕೂ ಇದೇ ಆಧಾರ. ನಾವು ಸಾಮಾನ್ಯವಾಗಿ ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತೇವೆ. ರಕ್ತದೊತ್ತಡದಲ್ಲಿ ಸಹಜವಾಗಿಯೇ ಸುಮಾರು 10 ಸೆಕೆಂಡಿಗೊಮ್ಮೆ ಏರಿಳಿಯುವ ಒಂದು ಲಯವಿದೆ. ಉಸಿರನ್ನು ನಿಮಿಷಕ್ಕೆ ಆರಕ್ಕೆ ಇಳಿಸಿದಾಗ ಉಸಿರಿನ ಸುತ್ತೂ 10 ಸೆಕೆಂಡಿನದೇ ಆಗಿ, ಉಸಿರು, ಬಡಿತ, ಒತ್ತಡ ಮೂರರ ಅಲೆಗಳೂ ಒಂದರ ಮೇಲೊಂದು ಕೂಡಿ, ಬ್ಯಾರೊರಿಸೆಪ್ಟರ್‌ಗಳ ಪ್ರತಿಕ್ರಿಯೆ ಚುರುಕಾಗುತ್ತದೆ. ಉಯ್ಯಾಲೆ ತಾನಾಗಿ ಬರುವ ಹೊತ್ತಿಗೇ ತಳ್ಳಿದರೆ ಸಣ್ಣ ತಳ್ಳಿಗೂ ಎತ್ತರಕ್ಕೆ ಏರುವಂತೆ.

ಇಟಲಿಯ ಲುಚಿಯಾನೊ ಬೆರ್ನಾರ್ಡಿ ಮತ್ತು ಸಂಗಡಿಗರು 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ನನಗೆ ಬಹಳ ಹಿಡಿಸಿದ್ದು. ಲ್ಯಾಟಿನ್ ಭಾಷೆಯ ಜಪಮಾಲೆ ಪ್ರಾರ್ಥನೆಯನ್ನೂ ಒಂದು ಯೋಗಮಂತ್ರವನ್ನೂ ಆರೋಗ್ಯವಂತರಿಂದ ಪಠಿಸಿ ನೋಡಿದಾಗ, ಎರಡರಲ್ಲೂ ಉಸಿರು ಹೆಚ್ಚುಕಡಿಮೆ ನಿಮಿಷಕ್ಕೆ ಆರಕ್ಕೆ ಬಂದು ನಿಂತಿತು, ಎರಡರಲ್ಲೂ ಬ್ಯಾರೊರಿಸೆಪ್ಟರ್‌ಗಳ ಸಂವೇದನೆ ಹೆಚ್ಚಿತು. ಅದೇ ಬಳಗ 2005ರಲ್ಲಿ ಅಧಿಕ ರಕ್ತದೊತ್ತಡ ಇರುವ 20 ಜನರನ್ನು ಪರೀಕ್ಷಿಸಿತು. ನಿಮಿಷಕ್ಕೆ ಆರರಂತೆ ಉಸಿರಾಡುತ್ತಿದ್ದಾಗ ಅವರ ಸರಾಸರಿ ಮೇಲಿನ ಅಂಕಿ ಸುಮಾರು 150ರಿಂದ 141ಕ್ಕೆ, ಕೆಳಗಿನದು ಸುಮಾರು 83ರಿಂದ 78ಕ್ಕೆ ಇಳಿಯಿತು. ಗಮನಿಸಬೇಕಾದದ್ದು, ಇದು ಆ ರೀತಿ ಉಸಿರಾಡುತ್ತಿದ್ದ ಕೆಲವೇ ನಿಮಿಷಗಳ ಲೆಕ್ಕ. ಮರುದಿನ ಬೆಳಿಗ್ಗೆಯ ಲೆಕ್ಕವಲ್ಲ.

ಹಾಗಿದ್ದರೆ ಆ ಇಳಿಕೆ ಏಕೆ ನಿಲ್ಲುವುದಿಲ್ಲ? ಬ್ಯಾರೊರಿಸೆಪ್ಟರ್‌ಗಳು ಕ್ಷಣದಿಂದ ಕ್ಷಣಕ್ಕೆ ಆಗುವ ಬದಲಾವಣೆಯನ್ನು ಸರಿದೂಗಿಸುವ ಕಾವಲುಗಾರರು; ಒತ್ತಡ ಒಂದೆರಡು ದಿನ ಮೇಲೆಯೇ ಉಳಿದರೆ ಅವು ಆ ಹೊಸ ಮಟ್ಟವನ್ನೇ ಸರಿ ಎಂದು ಒಪ್ಪಿಕೊಂಡುಬಿಡುತ್ತವೆ. ದಿನಗಳ, ವರ್ಷಗಳ ಲೆಕ್ಕದಲ್ಲಿ ರಕ್ತದೊತ್ತಡವನ್ನು ನಿರ್ಧರಿಸುವುದರಲ್ಲಿ ದೊಡ್ಡ ಪಾತ್ರ ಮೂತ್ರಪಿಂಡಗಳದ್ದು, ಅವು ಎಷ್ಟು ಉಪ್ಪನ್ನೂ ನೀರನ್ನೂ ಹೊರಹಾಕುತ್ತವೆ, ಎಷ್ಟನ್ನು ಉಳಿಸಿಕೊಳ್ಳುತ್ತವೆ ಎಂಬುದರದ್ದು. ಅದರ ಜೊತೆಗೆ ವಯಸ್ಸಿನೊಂದಿಗೆ ಪೆಡಸಾಗುವ ದೊಡ್ಡ ಅಪಧಮನಿಗಳು, ಬಿಗಿಗೊಂಡ ಸಣ್ಣ ನಾಳಗಳು. ಹತ್ತು ನಿಮಿಷದ ನಿಧಾನ ಉಸಿರು ನರಗಳ ಬಿಗಿಯನ್ನು ಸಡಿಲಿಸುತ್ತದೆ. ಪೆಡಸಾದ ನಾಳವನ್ನು ಆ ಹತ್ತು ನಿಮಿಷದಲ್ಲಿ ಮೃದುವಾಗಿಸಲಾರದು.

ದಿನವೂ ತಿಂಗಳುಗಟ್ಟಲೆ ಮಾಡಿದರೆ? ಇಲ್ಲಿ ಸಾಕ್ಷ್ಯ ಮಿಶ್ರವಾಗಿದೆ, ಮತ್ತು ಅದನ್ನು ಮಿಶ್ರವಾಗಿಯೇ ಹೇಳುವುದು ನನ್ನ ಕರ್ತವ್ಯ. ಸಂಗೀತದ ಸ್ವರಗಳ ಮೂಲಕ ಉಸಿರನ್ನು ನಿಮಿಷಕ್ಕೆ ಹತ್ತಕ್ಕಿಂತ ಕೆಳಗೆ ಇಳಿಸುವ ಒಂದು ಉಪಕರಣವನ್ನು ವೈದ್ಯರ ಚೀಟಿಯಿಲ್ಲದೆ ಮಾರಲು ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2002ರಲ್ಲಿ ಅನುಮತಿ ಕೊಟ್ಟಿತು. ಅದರ ಮೇಲೆ ಹಲವು ಪ್ರಯೋಗಗಳು ನಡೆದವು. ಅವುಗಳಲ್ಲಿ ಎಂಟನ್ನು ಒಟ್ಟುಗೂಡಿಸಿ 2012ರಲ್ಲಿ ವಿಶ್ಲೇಷಿಸಿದಾಗ ಮೇಲಿನ ಅಂಕಿ ಸರಾಸರಿ ಮೂರರಿಂದ ನಾಲ್ಕು ಇಳಿದಂತೆ ಕಂಡಿತು. ಆದರೆ ತಯಾರಕರ ಹಣದಿಂದ ನಡೆದ ಪ್ರಯೋಗಗಳನ್ನು ಬದಿಗಿಟ್ಟು ಲೆಕ್ಕ ಹಾಕಿದಾಗ ಆ ಲಾಭ ಉಳಿಯಲಿಲ್ಲ. ಹೀಗಿದ್ದೂ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ 2013ರ ತನ್ನ ಹೇಳಿಕೆಯಲ್ಲಿ ಉಪಕರಣದ ನೆರವಿನ ನಿಧಾನ ಉಸಿರಾಟವನ್ನು ಚಿಕಿತ್ಸೆಯ ಜೊತೆಗೆ ಬಳಸುವುದು ಸಮಂಜಸ ಎಂದಿತು. ಅಪಾಯ ಇಲ್ಲದಿರುವುದೂ ಅದಕ್ಕೆ ಒಂದು ಕಾರಣ. ನನ್ನ ಅಭಿಪ್ರಾಯದಲ್ಲಿ ಉಪಕರಣಕ್ಕೆ ಹಣ ಹಾಕುವ ಅಗತ್ಯವಿಲ್ಲ, ಗಡಿಯಾರದ ಸೆಕೆಂಡು ಮುಳ್ಳು ಸಾಕು. ನಿಯಮಿತ ಅಭ್ಯಾಸದಿಂದ ಮೇಲಿನ ಅಂಕಿ ಮೂರು, ನಾಲ್ಕು, ಕೆಲವರಲ್ಲಿ ಐದರಷ್ಟು ಇಳಿಯಬಹುದೆಂದು ನಿರೀಕ್ಷಿಸುವುದು ಪ್ರಾಮಾಣಿಕವಾದ ನಿರೀಕ್ಷೆ.

ಇಷ್ಟೇನಾ ಎನ್ನಿಸಬಹುದು. ಆದರೆ 48 ಪ್ರಯೋಗಗಳ 3,44,716 ಜನರ ಮಾಹಿತಿಯನ್ನು ಒಟ್ಟುಗೂಡಿಸಿ 2021ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ವಿಶ್ಲೇಷಣೆಯ ಪ್ರಕಾರ, ಔಷಧಗಳಿಂದ ಮೇಲಿನ ಅಂಕಿ 5 ಇಳಿದರೆ ಹೃದಯಾಘಾತ, ಪಾರ್ಶ್ವವಾಯುವಿನಂಥ ಗಂಭೀರ ಘಟನೆಗಳ ಅಪಾಯ ಸುಮಾರು ಶೇ. 10ರಷ್ಟು ತಗ್ಗುತ್ತದೆ. ಉಸಿರಾಟದಿಂದ ಬಂದ ಇಳಿಕೆಗೂ ಅಷ್ಟೇ ಫಲ ಸಿಗುತ್ತದೆಂದು ಯಾರೂ ಸಾಧಿಸಿ ತೋರಿಸಿಲ್ಲ. ಆದರೂ ಮಾತ್ರೆಯ ಮೇಲೆ ಸೇರುವ ಕೆಲವು ಅಂಕಗಳು ಕಡೆಗಣಿಸುವಂಥವಲ್ಲ ಎಂಬುದನ್ನು ಈ ಲೆಕ್ಕ ತೋರಿಸುತ್ತದೆ. ಉಸಿರಾಟದ ಸ್ನಾಯುಗಳಿಗೇ ವ್ಯಾಯಾಮ ಕೊಡುವ ಇನ್ನೊಂದು ಬಗೆಯ ಅಭ್ಯಾಸವೂ ಇದೆ. ಗಾಳಿಯನ್ನು ತಡೆಯುವ ಸಣ್ಣ ಉಪಕರಣದ ಮೂಲಕ ಬಲವಾಗಿ ಉಸಿರೆಳೆದುಕೊಳ್ಳುವ ಈ ವ್ಯಾಯಾಮವನ್ನು ಕೊಲೊರಾಡೊ ವಿಶ್ವವಿದ್ಯಾಲಯದವರು 50ರಿಂದ 79ರ ವಯಸ್ಸಿನ 36 ಜನರಲ್ಲಿ ಪರೀಕ್ಷಿಸಿ 2021ರಲ್ಲಿ ವರದಿ ಮಾಡಿದರು. ದಿನಕ್ಕೆ 30 ಉಸಿರು, ವಾರಕ್ಕೆ ಆರು ದಿನ, ಆರು ವಾರ. ಮೇಲಿನ ಅಂಕಿ ಸರಾಸರಿ 9 ಇಳಿಯಿತು. ಸಣ್ಣ ಪ್ರಯೋಗ, ಭರವಸೆ ಮೂಡಿಸುವಂಥದ್ದು. ಆದರೆ ಇದು ನೀವು ಮಾಡುತ್ತಿರುವ ಶಾಂತ ಉಸಿರಾಟವಲ್ಲ, ಎರಡನ್ನೂ ಒಂದೇ ಎಂದು ತಿಳಿಯಬಾರದು.

ಮಾನಸಿಕ ಒತ್ತಡದ ವಿಷಯಕ್ಕೆ ಬಂದರೆ ನನ್ನ ಮಾತು ಇಷ್ಟು ಬಿಗಿಯಾಗಿರಬೇಕಿಲ್ಲ. ಉಸಿರಾಟ ತನ್ನ ಪೂರ್ತಿ ಗುಣವನ್ನು ತೋರುವುದು ಇಲ್ಲಿಯೇ. ಸಿಡುಕಿನ ಪತ್ರವೊಂದನ್ನು ಓದಿದಾಗ, ಗಡುವು ಮೀರುತ್ತಿರುವಾಗ, ಅಡ್ರಿನಲಿನ್ ಏರಿ ಬಡಿತ ಹೆಚ್ಚಿ ನಾಳಗಳು ಬಿಗಿಯಾಗುತ್ತವೆ. ಈ ಪ್ರತಿಕ್ರಿಯೆಯಲ್ಲಿ ನಮ್ಮ ಇಚ್ಛೆಗೆ ನೇರವಾಗಿ ಬಗ್ಗುವ ಅಂಗ ಬಹುಮಟ್ಟಿಗೆ ಉಸಿರೊಂದೇ. ಬಡಿತವನ್ನು ನಿಧಾನವಾಗು ಎಂದರೆ ಆಗದು, ಉಸಿರನ್ನು ಮಾಡಬಹುದು. ಉಸಿರಿನ ಲಯ ಹುಟ್ಟುವುದು ಮೆದುಳಿನ ಬುಡದ ಪ್ರಿಬಾಟ್ಸಿಂಗರ್ ಸಂಕೀರ್ಣ ಎಂಬ ನರಕೋಶಗಳ ಗುಂಪಿನಲ್ಲಿ. ಅದರೊಳಗಿನ ಒಂದು ಸಣ್ಣ ಉಪಗುಂಪು ಮೆದುಳನ್ನು ಎಚ್ಚರದಲ್ಲಿಡುವ ಕೇಂದ್ರಕ್ಕೆ ನೇರ ಸಂಪರ್ಕ ಹೊಂದಿರುವುದನ್ನೂ, ಆ ಉಪಗುಂಪನ್ನು ತೆಗೆದುಹಾಕಿದಾಗ ಪ್ರಾಣಿ ಅಸಾಮಾನ್ಯವಾಗಿ ಶಾಂತವಾಗುವುದನ್ನೂ 2017ರಲ್ಲಿ ಇಲಿಗಳಲ್ಲಿ ತೋರಿಸಲಾಯಿತು. ಮನುಷ್ಯರಿಗೆ ಇದನ್ನು ಹಾಗೆಯೇ ಅನ್ವಯಿಸಲಾಗದು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ 2023ರ ಪ್ರಯೋಗದಲ್ಲಿ ಮಾತ್ರ ಭಾಗವಹಿಸಿದವರು ಮನುಷ್ಯರೇ. ಒಂದು ತಿಂಗಳು ದಿನಕ್ಕೆ ಐದೇ ನಿಮಿಷ ಅಭ್ಯಾಸ. ಮೂಗಿನಿಂದ ಉಸಿರೆಳೆದು, ಅದರ ಮೇಲೆ ಇನ್ನೊಂದು ಚಿಕ್ಕ ಉಸಿರನ್ನೂ ಎಳೆದು, ಬಾಯಿಯಿಂದ ಉದ್ದವಾಗಿ ಹೊರಬಿಡುವ ನಿಟ್ಟುಸಿರಿನ ಬಗೆಯನ್ನು ಮಾಡಿದವರಲ್ಲಿ ಮನಸ್ಸಿನ ಉಲ್ಲಾಸ ಉಸಿರನ್ನು ಗಮನಿಸುತ್ತ ಸುಮ್ಮನೆ ಧ್ಯಾನಿಸಿದವರಿಗಿಂತ ಹೆಚ್ಚು ಸುಧಾರಿಸಿತು. ಆತಂಕ ಎಲ್ಲ ಗುಂಪುಗಳಲ್ಲೂ ತಗ್ಗಿತು. ನಿಮ್ಮಂಥ ಕೆಲಸದವರಿಗೆ ದಿನದ ಒಂದು ದೀರ್ಘ ಅಭ್ಯಾಸದ ಜೊತೆಗೆ, ಸಿಟ್ಟು ಅಥವಾ ಗಾಬರಿ ಏರುತ್ತಿರುವ ಕ್ಷಣದಲ್ಲೇ ಇಂಥ ನಾಲ್ಕೈದು ಉಸಿರು ತೆಗೆದುಕೊಳ್ಳುವುದು ಹೆಚ್ಚು ಉಪಯುಕ್ತ ಎಂಬುದು ನನ್ನ ಅನುಭವ.

ಈಗ ನಿಮ್ಮ ಬೆರಳ ತುದಿಯ ಜುಮುಗುಡುವಿಕೆ. ಅದು ಒಳ್ಳೆಯ ಲಕ್ಷಣವಲ್ಲ. ಅಪಾಯದ್ದೂ ಅಲ್ಲ, ನೀವು ಅಗತ್ಯಕ್ಕಿಂತ ಹೆಚ್ಚು ಗಾಳಿ ಆಡಿಸುತ್ತಿದ್ದೀರಿ ಎಂಬುದರ ಸೂಚನೆ. ಉಸಿರು ಆಳವೂ ವೇಗವೂ ಆದಾಗ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಅತಿಯಾಗಿ ಹೊರಹೋಗುತ್ತದೆ. ಅದು ಕಡಿಮೆಯಾದೊಡನೆ ಮೆದುಳಿನ ರಕ್ತನಾಳಗಳು ಕಿರಿದಾಗಿ ತಲೆ ಹಗುರಾದಂತಾಗುತ್ತದೆ. ರಕ್ತದ ಕ್ಷಾರತೆ ಹೆಚ್ಚಿ, ನರಗಳಿಗೆ ದೊರೆಯುವ ಬಿಡಿ ಕ್ಯಾಲ್ಸಿಯಂ ತಗ್ಗಿ, ತುಟಿ ಮತ್ತು ಬೆರಳುಗಳು ಜುಮುಗುಡುತ್ತವೆ. ಆಮ್ಲಜನಕ ಹೆಚ್ಚು ಸಿಗುತ್ತಿರುವುದರಿಂದ ಹೀಗಾಗುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ, ಅದು ಸರಿಯಲ್ಲ.

ಎಷ್ಟು ಗಾಳಿ ಸಾಕು ಎಂಬುದಕ್ಕೆ ಒಂದು ಸಣ್ಣ ಲೆಕ್ಕ ನೋಡೋಣ. ಸಾಮಾನ್ಯ ಉಸಿರೊಂದರಲ್ಲಿ ಸುಮಾರು 500 ಮಿಲಿಲೀಟರ್ ಗಾಳಿ ಒಳಹೋಗುತ್ತದೆ. ಅದರಲ್ಲಿ ಸುಮಾರು 150 ಮಿಲಿಲೀಟರ್ ಮೂಗು, ಗಂಟಲು, ಶ್ವಾಸನಾಳಗಳಲ್ಲೇ ಉಳಿದು, ರಕ್ತಕ್ಕೆ ತಲುಪದೆ ಹಾಗೆಯೇ ಹೊರಬರುತ್ತದೆ. ನಿಮಿಷಕ್ಕೆ 15 ಸಲ ಉಸಿರಾಡಿದರೆ ಕೆಲಸಕ್ಕೆ ಬರುವ ಗಾಳಿ 350 ಗುಣಿಸು 15, ಅಂದರೆ 5,250 ಮಿಲಿಲೀಟರ್. ಅಷ್ಟೇ ಗಾಳಿಯನ್ನು ಆರು ಉಸಿರಿನಲ್ಲಿ ತಲುಪಿಸಲು ಪ್ರತಿ ಉಸಿರಿಗೆ ಸುಮಾರು ಒಂದು ಲೀಟರ್ ಸಾಕು. ಶ್ವಾಸಕೋಶಕ್ಕೆ ಇದರ ಹಲವು ಪಟ್ಟು ಹಿಡಿಸುತ್ತದೆ. ಆದ್ದರಿಂದ ಎದೆ ಬಿರಿಯುವಷ್ಟು ಗಾಳಿ ತುಂಬಿಕೊಳ್ಳುವ ಅಗತ್ಯ ಎಲ್ಲಿಯೂ ಇಲ್ಲ. ಮಾಮೂಲಿ ಉಸಿರಿನ ಎರಡರಷ್ಟು, ಅದೂ ಅವಸರವಿಲ್ಲದೆ.

ಅಭ್ಯಾಸದ ಕ್ರಮ ಹೀಗಿರಲಿ. ಬೆನ್ನಿಗೆ ಆಸರೆ ಇರುವ ಕುರ್ಚಿಯಲ್ಲಿ ಪಾದಗಳು ನೆಲಕ್ಕೆ ತಾಗುವಂತೆ ಕುಳಿತು, ಹೊಟ್ಟೆಯ ಮೇಲಿನ ಬಿಗಿಯಾದ ಬಟ್ಟೆಯನ್ನು ಸಡಿಲಿಸಿ, ಒಂದು ಅಂಗೈಯನ್ನು ಎದೆಯ ಮೇಲೂ ಇನ್ನೊಂದನ್ನು ಹೊಕ್ಕುಳಿನ ಮೇಲ್ಭಾಗದಲ್ಲೂ ಇಟ್ಟುಕೊಳ್ಳಿ. ಮೂಗಿನಿಂದ ಉಸಿರೆಳೆಯುವಾಗ ಎದೆ ಮತ್ತು ಹೊಟ್ಟೆಯ ನಡುವಿನ ವಪೆ ಕೆಳಗಿಳಿಯುವುದರಿಂದ ಕೆಳಗಿನ ಅಂಗೈ ಮುಂದಕ್ಕೆ ಬರಬೇಕು, ಮೇಲಿನದು ಹೆಚ್ಚು ಅಲುಗಾಡಬಾರದು. ಭುಜಗಳು ಮೇಲೇರುತ್ತಿದ್ದರೆ ನೀವು ಕೊರಳಿನ ಸ್ನಾಯುಗಳಿಂದ ಉಸಿರಾಡುತ್ತಿದ್ದೀರಿ ಎಂದರ್ಥ. ಮೊದಲ ವಾರ ಮೂರು ಸೆಕೆಂಡು ಒಳಗೆ, ನಾಲ್ಕು ಸೆಕೆಂಡು ಹೊರಗೆ ಇದ್ದರೆ ಸಾಕು. ಅದು ಸಲೀಸಾದ ಮೇಲೆ ನಾಲ್ಕು ಸೆಕೆಂಡು ಒಳಗೆ, ಆರು ಸೆಕೆಂಡು ಹೊರಗೆ. ಇದೇ ನಿಮಿಷಕ್ಕೆ ಆರು. ಹೊರಬಿಡುವಾಗ ಗಾಳಿಯನ್ನು ತಳ್ಳಬೇಡಿ, ತಾನಾಗಿ ಹೋಗಲು ಬಿಡಿ. ಕೊನೆಯಲ್ಲಿ ಏದುಸಿರು ಬಂದು ಮುಂದಿನ ಉಸಿರಿಗೆ ಆತುರಪಡುವಂತಾದರೆ ನಿಮಗೆ ಆ ಲೆಕ್ಕ ಉದ್ದವಾಯಿತು, ಒಂದು ಸೆಕೆಂಡು ತಗ್ಗಿಸಿ. ಕೆಲವರಿಗೆ ನಿಮಿಷಕ್ಕೆ ಏಳು ಹೊಂದುತ್ತದೆ, ಕೆಲವರಿಗೆ ಐದು. ಆರು ಎಂಬುದನ್ನು ವ್ರತದಂತೆ ಹಿಡಿಯಬೇಕಿಲ್ಲ. ದಿನಕ್ಕೆ ಹತ್ತರಿಂದ ಹದಿನೈದು ನಿಮಿಷ ಸಾಕು. ತಲೆ ಹಗುರಾದರೆ ಅಭ್ಯಾಸ ನಿಲ್ಲಿಸಿ ಮಾಮೂಲಿಯಾಗಿ ಉಸಿರಾಡಿ. ಎರಡು ಮೂರು ನಿಮಿಷದಲ್ಲಿ ಸರಿಹೋಗುತ್ತದೆ. ನಿದ್ದೆ ಕಡಿಮೆ ಎಂದಿದ್ದೀರಿ, ಹಾಗಾಗಿ ಮಲಗುವ ಮುನ್ನದ ಹೊತ್ತು ನಿಮಗೆ ಸೂಕ್ತ.

ಉಸಿರು ಹಿಡಿದಿಡುವ ಕುಂಭಕವನ್ನು ನಿಮ್ಮ ಈಗಿನ ಸ್ಥಿತಿಯಲ್ಲಿ ಬೇಡವೆನ್ನುತ್ತೇನೆ. ಗಂಟಲು ಬಿಗಿಹಿಡಿದು ಎದೆಯೊಳಗಿನ ಒತ್ತಡ ಹೆಚ್ಚಿಸಿದಾಗ ರಕ್ತದೊತ್ತಡ ಕ್ಷಣಕಾಲ ಏರಿ, ನಂತರ ಇಳಿದು, ಬಿಟ್ಟೊಡನೆ ಮತ್ತೆ ಮೇಲಕ್ಕೆ ಹಾರುತ್ತದೆ. ದೀರ್ಘಕಾಲ ಹಿಡಿದಿಟ್ಟರೆ ಇಂಗಾಲದ ಡೈಆಕ್ಸೈಡ್ ಏರಿ ಸಿಂಪಥೆಟಿಕ್ ನರಗಳು ಕೆರಳುತ್ತವೆ. ಹೊಟ್ಟೆಯನ್ನು ರಭಸದಿಂದ ಕುಗ್ಗಿಸುವ ಕಪಾಲಭಾತಿ, ಭಸ್ತ್ರಿಕಾಗಳು ನಾವು ಬಯಸುವುದಕ್ಕೆ ವಿರುದ್ಧ ದಿಕ್ಕಿನವು, ಬಿಪಿ ಹತೋಟಿಗೆ ಬರುವವರೆಗೆ ಅವು ದೂರವಿರಲಿ. ಮೂಗಿನ ಹೊಳ್ಳೆಗಳಲ್ಲಿ ಒಂದಾದ ಮೇಲೊಂದರಂತೆ ಉಸಿರಾಡುವ ನಾಡಿಶೋಧನವನ್ನು ಉಸಿರು ಹಿಡಿಯದೆ ನಿಧಾನವಾಗಿ ಮಾಡಬಹುದು. ದುಂಬಿಯಂತೆ ಝೇಂಕರಿಸುತ್ತ ಉಸಿರು ಬಿಡುವ ಭ್ರಾಮರಿಯೂ ಒಳ್ಳೆಯದೇ, ಏಕೆಂದರೆ ಝೇಂಕರಿಸುವವರಿಗೆ ಉಸಿರನ್ನು ಉದ್ದವಾಗಿ ಹೊರಬಿಡದೆ ಬೇರೆ ದಾರಿಯಿಲ್ಲ. ಝೇಂಕರಿಸಿದಾಗ ಮೂಗಿನಿಂದ ಹೊರಬರುವ ನೈಟ್ರಿಕ್ ಆಕ್ಸೈಡ್ ಸುಮಾರು 15 ಪಟ್ಟು ಹೆಚ್ಚುವುದನ್ನು ಸ್ವೀಡನ್ನಿನ ಸಂಶೋಧಕರು 2002ರಲ್ಲಿ ಅಳೆದು ತೋರಿಸಿದ್ದಾರೆ. ಆ ಅನಿಲ ರಕ್ತನಾಳಗಳನ್ನು ಹಿಗ್ಗಿಸುತ್ತದೆಂಬುದೂ ನಿಜ. ಆದರೆ ಅದು ಮೂಗಿನ ಸುತ್ತಲಿನ ಮೂಳೆಗಳ ಪೊಳ್ಳುಗಳಾದ ಸೈನಸ್‌ಗಳಲ್ಲಿ ಕೂಡಿಟ್ಟಿದ್ದ ಅನಿಲ. ಅದರಿಂದಲೇ ಇಡೀ ದೇಹದ ರಕ್ತದೊತ್ತಡ ಇಳಿಯುತ್ತದೆಂದು ಹೇಳುವುದು ಅವಸರದ ತೀರ್ಮಾನ.

ಆಸ್ತಮಾ, ಶ್ವಾಸಕೋಶದ ಹಳೆಯ ಕಾಯಿಲೆ, ಹೃದಯದ ವೈಫಲ್ಯ ಇರುವವರು, ಗರ್ಭಿಣಿಯರು ತಮ್ಮ ವೈದ್ಯರನ್ನು ಕೇಳಿಯೇ ಈ ಅಭ್ಯಾಸ ಆರಂಭಿಸಬೇಕು. ಉಸಿರಿನ ಕಡೆ ಗಮನ ಹರಿಸಿದಾಗಲೇ ಗಾಬರಿ ಹೆಚ್ಚುವ ಕೆಲವರಿದ್ದಾರೆ. ಅವರಿಗೆ ಕುಳಿತು ಎಣಿಸುವುದಕ್ಕಿಂತ ನಿಧಾನವಾದ ನಡಿಗೆ ಹೆಚ್ಚು ಹೊಂದುತ್ತದೆ.

ಅಭ್ಯಾಸದಿಂದ ನಿಮಗೆ ಎಷ್ಟು ಲಾಭವಾಗಿದೆ ಎಂದು ತಿಳಿಯಬೇಕಾದರೆ ಅಭ್ಯಾಸ ಮುಗಿದ ಕೂಡಲೇ ಅಳೆಯುವುದನ್ನು ಬಿಡಿ. ಆ ಅಂಕಿ ನಿಮ್ಮ ದಿನದ ಅತ್ಯಂತ ಶಾಂತ ಕ್ಷಣದ್ದು. ನಾಳಗಳೂ ಹೃದಯವೂ ದಿನದ ಉಳಿದ ಹೊತ್ತಿನಲ್ಲಿ ಸಹಿಸುವ ಒತ್ತಡ ಅದಲ್ಲ. ಬೆಳಿಗ್ಗೆ ಎದ್ದು ಮೂತ್ರ ವಿಸರ್ಜಿಸಿ, ಕಾಫಿ ಮತ್ತು ಮಾತ್ರೆಗೆ ಮುನ್ನ, ಉಸಿರಾಟದ ಅಭ್ಯಾಸಕ್ಕೂ ಮುನ್ನ, ಐದು ನಿಮಿಷ ಮಾತಿಲ್ಲದೆ ಕುಳಿತು, ಕಾಲ ಮೇಲೆ ಕಾಲು ಹಾಕದೆ, ತೋಳನ್ನು ಹೃದಯದ ಮಟ್ಟದಲ್ಲಿ ಮೇಜಿನ ಮೇಲಿಟ್ಟು ಒಂದು ನಿಮಿಷದ ಅಂತರದಲ್ಲಿ ಎರಡು ಸಲ ಅಳೆಯಿರಿ. ಸಂಜೆಯೂ ಹೀಗೆಯೇ. ಏಳು ದಿನ ಬರೆದಿಟ್ಟು, ಮೊದಲ ದಿನದ ಅಂಕಿಗಳನ್ನು ಬಿಟ್ಟು ಉಳಿದವುಗಳ ಸರಾಸರಿ ತೆಗೆಯಿರಿ. ಆಸ್ಪತ್ರೆಯಲ್ಲಿ 140/90 ಎಂಬುದಕ್ಕೆ ಮನೆಯ ಅಳತೆಯಲ್ಲಿ 135/85 ಸಮ. ಎಂಟು ವಾರಗಳ ನಂತರ ಇನ್ನೊಂದು ಏಳು ದಿನ ಅಳೆದು ಎರಡು ಸರಾಸರಿಗಳನ್ನು ಹೋಲಿಸಿ. ಆ ಅವಧಿಯಲ್ಲಿ ಮಾತ್ರೆ ತಪ್ಪದಿರಲಿ, ಇಲ್ಲವಾದರೆ ಯಾವುದರ ಫಲ ಯಾವುದು ಎಂದು ಮತ್ತೆ ಗೋಜಲಾಗುತ್ತದೆ. ತೋಳು ದಪ್ಪಗಿದ್ದು ಪಟ್ಟಿ ಚಿಕ್ಕದಾಗಿದ್ದರೆ ಅಂಕಿ ಹೆಚ್ಚಾಗಿಯೇ ಬರುತ್ತದೆ ಎಂಬುದೂ ನೆನಪಿರಲಿ.

ನಿಮ್ಮ ನಿದ್ದೆಯ ಬಗ್ಗೆ ಒಂದು ಸಂಶಯ ನನ್ನನ್ನು ಕಾಡುತ್ತಿದೆ. ಜೋರಾಗಿ ಗೊರಕೆ ಹೊಡೆಯುತ್ತೀರಾ, ನಿದ್ದೆಯಲ್ಲಿ ಉಸಿರು ಕಟ್ಟಿದಂತಾಗುವುದನ್ನು ಮನೆಯವರು ಗಮನಿಸಿದ್ದಾರೆಯೇ, ಹಗಲು ತೂಕಡಿಸುತ್ತೀರಾ? ಹೌದಾದರೆ ನಿದ್ರಾ ಉಸಿರುಕಟ್ಟುವಿಕೆಯ ಪರೀಕ್ಷೆ ಆಗಬೇಕು. ಹಗಲಿನ ಹತ್ತು ನಿಮಿಷದ ಉಸಿರಾಟ ಗಳಿಸಿಕೊಟ್ಟದ್ದನ್ನು ರಾತ್ರಿಯಿಡೀ ಕಟ್ಟುವ ಉಸಿರು ಕಳೆದುಹಾಕುತ್ತದೆ. ನೋವಿಗೆಂದು ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ಮಾತ್ರೆಗಳನ್ನು ಆಗಾಗ ನುಂಗುತ್ತಿದ್ದರೆ ಅದನ್ನೂ ವೈದ್ಯರಿಗೆ ತಿಳಿಸಿ, ಅವು ಬಿಪಿ ಏರಿಸುತ್ತವೆ. ಉಪ್ಪು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಇರಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ನಿಮ್ಮ ಮೂತ್ರಪಿಂಡಗಳಿಗೆ ಉಸಿರಿಗಿಂತ ಈ ಭಾಷೆ ಚೆನ್ನಾಗಿ ಅರ್ಥವಾಗುತ್ತದೆ.

ಮನೆಯ ಸರಾಸರಿ ಕೆಲವು ತಿಂಗಳ ಕಾಲ 120ರ ಆಸುಪಾಸಿನಲ್ಲಿ ಸ್ಥಿರವಾಗಿ ನಿಂತರೆ, ಅಥವಾ ಎದ್ದು ನಿಂತಾಗ ಕಣ್ಣು ಕತ್ತಲಿಡುವಂತಾದರೆ, ಬರೆದಿಟ್ಟ ಪುಸ್ತಕವನ್ನು ವೈದ್ಯರಿಗೆ ತೋರಿಸಿ. 5 ಮಿಲಿಗ್ರಾಂ ಅನ್ನು 2.5ಕ್ಕೆ ಇಳಿಸಿ ಕೆಲವು ವಾರ ನೋಡುವ ದಾರಿ ಇದೆ. ಆ ತೀರ್ಮಾನವನ್ನು ಅವರು ನಿಮ್ಮ ಸಕ್ಕರೆ, ಮೂತ್ರಪಿಂಡ, ಹೃದಯದ ಸ್ಥಿತಿಯನ್ನು ನೋಡಿ ಮಾಡುತ್ತಾರೆ. ಇನ್ನು, ಯಾವುದೇ ಸಮಯದಲ್ಲಿ ಅಂಕಿ 180/120 ದಾಟಿ ಅದರೊಂದಿಗೆ ಎದೆನೋವು, ಉಸಿರಾಟದ ತೊಂದರೆ, ಮಾತು ತೊದಲುವುದು, ಮುಖ ಅಥವಾ ಕೈಕಾಲಿನ ಒಂದು ಬದಿಯ ನಿಶ್ಶಕ್ತಿ, ದೃಷ್ಟಿ ಮಂಜಾಗುವುದು ಇವುಗಳಲ್ಲಿ ಯಾವುದಾದರೂ ಕಾಣಿಸಿಕೊಂಡರೆ, ಒತ್ತಡ ಇಳಿಸೋಣವೆಂದು ಉಸಿರಾಟದ ಅಭ್ಯಾಸಕ್ಕೆ ಕೂರಬೇಡಿ. ತಕ್ಷಣ ತುರ್ತು ಚಿಕಿತ್ಸಾ ಘಟಕಕ್ಕೆ ಹೋಗಿ. ಇಂಥ ಲಕ್ಷಣಗಳಿಲ್ಲದೆ ಅಂಕಿಯಷ್ಟೇ ಅಷ್ಟು ಹೆಚ್ಚಿದ್ದರೆ ಶಾಂತವಾಗಿ ಕುಳಿತು ಐದು ನಿಮಿಷದ ನಂತರ ಮತ್ತೆ ಅಳೆದು ನೋಡಿ, ಆಗಲೂ ಇಳಿಯದಿದ್ದರೆ ಅದೇ ದಿನ ವೈದ್ಯರನ್ನು ಸಂಪರ್ಕಿಸಿ.